ಅರಿಶಿನದ ದಾರ, ಮಳವಳ್ಳಿಯ ಪವರ್ ಸಪ್ಲೈ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಒಂದೇ ಮಾತು. "ಶಾಕ್ ಹೊಡೆಯುತ್ತಾ ಮೇಡಂ?"

ಹೊಡೆಯುತ್ತೆ, ಮೈ ಡಿಯರ್. ನೋಡದೆ ಕೈ ಹಾಕಿದರೆ ಖಂಡಿತ ಹೊಡೆಯುತ್ತೆ. ಆದರೆ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ನಮ್ಮಿಂದ ಮಿಷಿನ್ನಿಗೆ ಶಾಕ್ ಹೊಡೆಯುತ್ತಾ? ಅದೂ ಹೊಡೆಯುತ್ತೆ. ನೈಲಾನ್ ಸೀರೆಯನ್ನು ಸರಸರ ಉಜ್ಜಿಕೊಂಡು ನಡೆದು ಬಂದವಳ ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಕಿಡಿ ಕೂತಿರುತ್ತದೆ. ನಮಗದು ಚುರುಕ್ ಅಂತಲೂ ಅನ್ನಿಸದೆ ಇರಬಹುದು, ಮಿಷಿನ್ನಿನ ಒಳಗಿನ ಸರ್ಕ್ಯೂಟ್ ಕಾರ್ಡಿಗೆ ಮಾತ್ರ ಅದೇ ಸಿಡಿಲು. ಹಾಗಾಗಿ ನಾನು ಕೆಲಸಕ್ಕೆ ಹತ್ತಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಜನ ಸಿಂಪ್ಲಿಸಿಟಿ ಅಂದುಕೊಂಡರು. ಅದು ಸಿಂಪ್ಲಿಸಿಟಿ ಅಲ್ಲ, ಸೇಫ್ಟಿ.

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರೂರುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡೇ ನಾನು ನೌಕರಿ ಮುಗಿಸಿದೆ. ಬ್ಯಾಂಕು, ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವ ಒಂದು ಖಾಸಗಿ ಕಂಪನಿ ನಮ್ಮದು. ಪ್ರಮೋಷನ್ ಕಥೆ ಬೇಡ, ನನಗೇ ಬೋರು. ಸ್ವಿಚ್ಚಿನ ಕಥೆ ಹೇಳುತ್ತೇನೆ.

ಸ್ವಿಚ್ ಅಂದರೆ ಗೋಡೆ ಮೇಲಿನ ಲೈಟಿನ ಸ್ವಿಚ್ಚಲ್ಲ. ಒಂದು ಊರಿನ ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಪೆಟ್ಟಿಗೆ. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಕೊಳ್ಳೇಗಾಲದವರು ಒಂದು ಬಸ್ಸಿಗೆ, ಮೈಸೂರಿನವರು ಇನ್ನೊಂದಕ್ಕೆ ಹತ್ತುತ್ತಾರಲ್ಲ, ಹಾಗೆ ಈ ಪೆಟ್ಟಿಗೆ ಯಾರ ಮಾಹಿತಿ ಯಾರಿಗೆ ಹೋಗಬೇಕೋ ಅವರಿಗೆ ಹತ್ತಿಸಿ ಕಳಿಸುತ್ತದೆ. ಅದು ನಿಂತರೆ ಊರೇ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಆದ್ದರಿಂದ ಅದನ್ನು ನಿಲ್ಲಿಸುವಂತಿಲ್ಲ. ಓಡುತ್ತಿರುವಾಗಲೇ ಕೆಟ್ಟ ಭಾಗವನ್ನು ತೆಗೆದು ಹೊಸದು ಕೂಡಿಸಬೇಕು.

ನಾನು ಸೇರಿದ ಕಾಲದಲ್ಲಿ ಹಾಗಿರಲಿಲ್ಲ. ಕೆಟ್ಟ ಪೆಟ್ಟಿಗೆಯನ್ನು ಬಿಚ್ಚಿ, ಉಬ್ಬಿದ ಕೆಪಾಸಿಟರ್ ಹುಡುಕಿ, ಬೆಸುಗೆ ಕಡ್ಡಿಯಿಂದ ಕಿತ್ತು ಹೊಸದು ಹಾಕುತ್ತಿದ್ದೆವು. ಬೆಸುಗೆಯ ರಾಳದ ಆ ವಾಸನೆ ಸೆರಗಿಗೆ ಅಂಟಿಕೊಂಡು ಮನೆವರೆಗೂ ಬರುತ್ತಿತ್ತು. ನನ್ನ ಯಜಮಾನರು ಬಾಗಿಲಲ್ಲೇ "ಇವತ್ತು ಊದಿನಕಡ್ಡಿ ಉಳೀತು" ಅನ್ನುತ್ತಿದ್ದರು. ಈಗ ಎಲ್ಲ ಡ್ರಾಯರ್ ಎಳೆದ ಹಾಗೆ. ಫ್ಯಾನು ಕೆಟ್ಟರೆ ಫ್ಯಾನಿನ ಡ್ರಾಯರ್, ಒಳಗೆ ಕರೆಂಟು ಕೊಡುವ ಪವರ್ ಸಪ್ಲೈ ಕೆಟ್ಟರೆ ಅದರ ಡ್ರಾಯರ್. ಈಸಿ ಅಂತೀರಿ. ಈಸಿ ಅನ್ನಿಸುವುದರಲ್ಲೇ ಅಪಾಯ ಇರುವುದು.

ನನಗೆ ಕೆಲಸ ಕಲಿಸಿದವರು ಹೊಳಲಿನ ಚಿಕ್ಕಲಿಂಗಯ್ಯ ಸರ್, ನನ್ನ ಮೊದಲ ಸೀನಿಯರ್. ಮನೆಯಲ್ಲಿ ಗದ್ದೆ, ಎತ್ತು, ಎಲ್ಲ ಇದ್ದವರು. ನಾನು ಕಾನ್ವೆಂಟ್ ಹುಡುಗಿ ಅಂತ ಅವರಿಗೆ ಸ್ವಲ್ಪ ತಮಾಷೆ. ಮೊದಲ ಸಲ ಕೆಟ್ಟ ಪವರ್ ಸಪ್ಲೈ ಬದಲಿಸಲು ಕಳಿಸಿದಾಗ ಕೇಳಿದರು.

"ಇಂಗ್ಲೀಸಮ್ಮಾರೆ, ಗಾಡಿ ಹಿಂದೆ ನಿಂತ್ಕಂಡು ನೋಡುದ್ರೆ ಬಲಗಡೆ ಇರೋ ಎತ್ತು, ಮುಂದೆ ಬಂದು ನೋಡುದ್ರೆ ಯಾವ ಕಡೆ?"

"ಎಡಗಡೆ ಸರ್."

"ಎತ್ತು ಬದ್ಲಾಯ್ತಾ?"

"ಇಲ್ಲ ಸರ್."

"ನೀವು ನಿಂತಿರೋ ಜಾಗ ಬದ್ಲಾಯ್ತು. ಅಷ್ಟು ಮರ್ತ್ರೆ ಕುಂಟೆತ್ತು ಬುಟ್ಟು ದುಡಿಯೋ ಎತ್ತಿನ ಕಣ್ಣಿ ಬಿಚ್ಚಾಕ್ತೀರಿ. ಆಮೇಲೆ ಗಾಡಿ ನಿಮ್ಮಪ್ಪ ಎಳೀತಾನಾ?"

ಇಡೀ ಪಾಠ ಅಷ್ಟೇ. ದೊಡ್ಡ ಸ್ವಿಚ್ಚಿಗೆ ಎರಡು ಪವರ್ ಸಪ್ಲೈ ಇರುತ್ತವೆ, ಜೋಡೆತ್ತಿನ ಹಾಗೆ. ಒಂದು ಕುಂಟಿದರೆ ಇನ್ನೊಂದು ಎಳೆಯುತ್ತದೆ. ಪೆಟ್ಟಿಗೆಯ ಮುಂದೆ ನಿಂತು ಇದೇ ಕೆಟ್ಟದ್ದು ಅಂತ ಮನಸ್ಸಿನಲ್ಲಿ ಗುರುತು ಮಾಡಿಕೊಂಡು, ಸುತ್ತಿ ಹಿಂದಕ್ಕೆ ಬಂದು ಅದೇ ಕೈ ಕಡೆಯದನ್ನು ಎಳೆದು, ಊರನ್ನೇ ಕತ್ತಲೆಗೆ ನೂಕಿದವರು ನಮ್ಮಲ್ಲಿ ಇದ್ದಾರೆ. ಹೆಸರು ಬೇಡ, ಪಾಪ, ಮೊಮ್ಮಕ್ಕಳಿದ್ದಾರೆ. ಕೆಟ್ಟದ್ದರ ಮೈಮೇಲೆ ಕೇಸರಿ ದೀಪ ಉರಿಯುತ್ತದೆ. ಆ ದೀಪ ನೋಡಿ ಕೈ ಇಡಿ, ಎಡ ಬಲ ನೋಡಿ ಇಡಬೇಡಿ. ಅದಕ್ಕೂ ಮುಂಚೆ ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇದೆಯಾ, ವೈರು ಸಡಿಲವಾಗಿದೆಯಾ ನೋಡಿ. ಸತ್ತಿದೆ ಅಂತ ಹೊರಗೆಳೆದ ಎಷ್ಟೋ ಪವರ್ ಸಪ್ಲೈಗಳು ಬದುಕೇ ಇದ್ದವು.

ನನ್ನ ಕಾನ್ವೆಂಟಿನ ಸಿಸ್ಟರ್ ಬೆನಡಿಕ್ಟಾ ಹೊಲಿಗೆ ಕ್ಲಾಸಿನಲ್ಲಿ ಇದನ್ನೇ ಇನ್ನೊಂದು ರೀತಿ ಹೇಳುತ್ತಿದ್ದರು. "ಹ್ಯಾಂಡ್ಸ್ ಬಿಹೈಂಡ್ ಯುವರ್ ಬ್ಯಾಕ್, ಗರ್ಲ್ಸ್. ಫಸ್ಟ್ ಲುಕ್, ದೆನ್ ಟಚ್." ಕೈ ಹಿಂದೆ ಕಟ್ಟಿಕೊಂಡು ಮೊದಲು ಕಣ್ಣಿನಲ್ಲಿ ಹೊಲಿಗೆ ಹಾಕಬೇಕು, ಸೂಜಿ ಆಮೇಲೆ. ನಾನು ತರಬೇತಿ ಕೊಟ್ಟ ಎಲ್ಲರಿಗೂ ಈ ವಾಕ್ಯ ಬಾಯಿಪಾಠ ಮಾಡಿಸಿದ್ದೇನೆ. ಇದು ಮುಂದೆ ಬರುತ್ತದೆ, ನೆನಪಿರಲಿ.

ಮದ್ದೂರಿನ ಬ್ಲಂಡರ್ ಹೇಳದಿದ್ದರೆ ಈ ಬರಹ ಅಪೂರ್ಣ. ಅಲ್ಲಿ ನಮ್ಮ ಸ್ವಿಚ್ಚಿದ್ದದ್ದು ಬಾಡಿಗೆ ಕಟ್ಟಡದಲ್ಲಿ. ಪಕ್ಕದ ಕೋಣೆಯಲ್ಲಿ ಕಟ್ಟಡದವರು ಅಚ್ಚು ಬೆಲ್ಲದ ಮೂಟೆ ಇಟ್ಟಿದ್ದರು. ಬೆಲ್ಲ ಇದ್ದ ಮೇಲೆ ಇರುವೆ. ಇರುವೆಗಳು ಸಾಲುಗಟ್ಟಿ ನಮ್ಮ ಪೆಟ್ಟಿಗೆಯ ಬೆಚ್ಚನೆ ಜಾಗಕ್ಕೂ ಬಂದವು. ಕಸ ಗುಡಿಸಲು ಬರುತ್ತಿದ್ದ ತಿಮ್ಮಕ್ಕನಿಗೆ ಇದನ್ನು ನೋಡಿ ಸಂಕಟವಾಯಿತು. ನಮ್ಮ ಕಡೆ ಇರುವೆ ಸಾಲಿಗೆ ಏನು ಹಾಕುತ್ತಾರೆ? ಅರಿಶಿನದ ಪುಡಿ. ತಿಮ್ಮಕ್ಕ ಮನೆಯಿಂದ ಪುಡಿ ತಂದು ಸ್ವಿಚ್ಚಿನ ಸುತ್ತ ರಂಗೋಲಿ ಬಿಟ್ಟ ಹಾಗೆ ಚೆನ್ನಾಗಿ ಸುರಿದಳು.

ಸ್ವಿಚ್ಚಿನ ಫ್ಯಾನು ಗಾಳಿ ಎಳೆದುಕೊಳ್ಳುತ್ತದಲ್ಲ, ಪುಡಿಯನ್ನೂ ಎಳೆದುಕೊಂಡಿತು. ಫ್ಯಾನು ನಿಂತಿತು, ಪೆಟ್ಟಿಗೆ ಕಾಯಲು ಶುರುವಾಯಿತು. ನನ್ನ ಜೊತೆ ಇದ್ದ ಸಿದ್ದರಾಜು ಹೊಸ ಫ್ಯಾನಿನ ಡ್ರಾಯರ್ ಹಿಡಿದು ರೆಡಿ. ಹಳೆಯದನ್ನು ಎಳೆದವನೇ, ಖಾಲಿ ಜಾಗದೊಳಗೆ ಧೂಳು ಕಂಡು ಬಾಯಿಂದ ಫೂ ಅಂತ ಊದಿಬಿಟ್ಟ. ಅಷ್ಟೂ ಅರಿಶಿನ ವಾಪಸ್ ಅವನ ಮುಖಕ್ಕೇ ಬಂತು. ಮೀಸೆ, ಹುಬ್ಬು, ಅಂಗಿ ಎಲ್ಲ ಹಳದಿ. ಬಾಗಿಲಲ್ಲಿ ನಿಂತಿದ್ದ ಚಿಕ್ಕಲಿಂಗಯ್ಯ ಸರ್ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ಲಾ ಸಿದ್ದ, ಮದ್ವೆ ಗೊತ್ತಾಯ್ತಾ? ಎಣ್ಣೆ ಅರಿಸ್ನ ಆಗೋಗದೆ, ಎಣ್ಣು ಎಲ್ಲಿ?"

"ಸುಮ್ಕಿರಿ ಸಾ, ಕಣ್ಣು ಉರೀತಾವೆ."

"ಉರೀಲಿ ಬುಡು. ಬಾಯಲ್ಲಿ ಊದುದ್ರೆ ಎಂಜಲು ಓಯ್ತದೆ ಒಳಿಕೆ. ಅದು ಮಿಸಿನ್ನು ಕಣ್ಲಾ, ಒಲೆ ಅಲ್ಲ."

ಹೊಸ ಫ್ಯಾನು ಕೂತು ಗಾಳಿ ಹೊಡೆದಾಗ ಕೋಣೆಯೆಲ್ಲ ಮದುವೆ ಮನೆಯ ವಾಸನೆ. ತಿಮ್ಮಕ್ಕನಿಗೆ ಯಾರೂ ಬೈಯಲಿಲ್ಲ. ಬೆಲ್ಲದ ಮೂಟೆಗಳನ್ನು ಬೇರೆ ಕಡೆ ಹೊರಿಸಿದೆವು, ಇರುವೆಯೂ ಅವುಗಳ ಹಿಂದೆಯೇ ಹೋಯಿತು. ಅವತ್ತಿನಿಂದ ನನ್ನ ಮಟ್ಟಿಗೆ ಅರಿಶಿನ ಅಂದರೆ ಸ್ವಿಚ್ಚಿನ ಶತ್ರು. ಆ ಅಭಿಪ್ರಾಯವನ್ನು ಬದಲಿಸಿದ್ದು ರೂಪಳ ಅತ್ತೆ.

ರೂಪ ನನ್ನ ಕೊನೆಯ ವರ್ಷಗಳ ಟ್ರೇನಿ. ಆತಗೂರಿನ ಹುಡುಗಿ, ಡಿಪ್ಲೊಮಾ ಮಾಡಿದವಳು, ಹಗುರ ಕೈ. ಪೆಟ್ಟಿಗೆ ಮುಟ್ಟಿದರೆ ಪೆಟ್ಟಿಗೆಗೇ ಗೊತ್ತಾಗಬಾರದು, ಅಂಥ ಕೈ. ಕಿರುಗಾವಲಿನ ಮನೆಗೆ ಮದುವೆಯಾಗಿ ಬಂದ ಮೇಲೆ ಸಮಸ್ಯೆ ಶುರುವಾಯಿತು. ಓಡುತ್ತಿರುವ ಸ್ವಿಚ್ಚಿಗೆ ಕೈ ಹಾಕುವವರು ಮೈಮೇಲೆ ಲೋಹ ಇಟ್ಟುಕೊಳ್ಳಬಾರದು. ಉಂಗುರ, ಬಳೆ, ವಾಚು, ಸರ, ಯಾವುದೂ. ಬಗ್ಗಿದಾಗ ಸರ ಜಾರಿ ಒಳಗಿನ ವಿದ್ಯುತ್ ತುದಿಗೆ ತಗುಲಿದರೆ ಮಿಷಿನ್ನೂ ಹೋಯಿತು, ಕೊರಳೂ ಸುಟ್ಟಿತು. ಗಾಜಿನ ಬಳೆಯೂ ಆಗದು, ಒಡೆದು ಚೂರು ಒಳಗೆ ಬಿದ್ದರೆ ಯಾರು ಹುಡುಕುತ್ತಾರೆ.

ನಾನು ಹೇಗೆ ಮಾಡುತ್ತಿದ್ದೆ ಅಂದರೆ, ತಾಳಿ ಸರ, ಬಳೆ ಎಲ್ಲ ತೆಗೆದು ಟಿಫನ್ ಕ್ಯಾರಿಯರಿನ ಮೇಲಿನ ಬಟ್ಟಲಿಗೆ ಹಾಕುತ್ತಿದ್ದೆ. ನನಗೆ ಅದು ಮ್ಯಾಟರ್ ಆಫ್ ಫ್ಯಾಕ್ಟ್. ನಮ್ಮ ಯಜಮಾನರಿಗೂ ಗೊತ್ತಿತ್ತು, "ಸಾರಿನ ಬಟ್ಟಲಲ್ಲಿ ಮಾತ್ರ ಹಾಕಬೇಡ" ಅಂದಿದ್ದರು ಅಷ್ಟೆ. ರೂಪಳಿಗೆ ಅಷ್ಟು ಸಲೀಸಾಗಿರಲಿಲ್ಲ. ತಾಳಿ ಸರ ತೆಗೆಯುವುದು ಮನೆಯಲ್ಲಿ ಗೊತ್ತಾಗಿ ಅತ್ತೆ ಪುಟ್ಟತಾಯಮ್ಮ ಒಂದೇ ಮಾತು ಹೇಳಿದ್ದರು: ತಾಳಿ ತೆಗೆಯುವ ಕೆಲಸವಾದರೆ ಆ ಕೆಲಸ ಬೇಡ.

ಅದೇ ಹೊತ್ತಿಗೆ ಮಳವಳ್ಳಿಯ ಸ್ವಿಚ್ಚಿನ ಒಂದು ಪವರ್ ಸಪ್ಲೈ ಸತ್ತಿತು. ತಾಲ್ಲೂಕಿನ ಆಸ್ಪತ್ರೆಯೂ ಅದರ ಮೇಲೇ ನಡೆಯುತ್ತಿತ್ತು. ಹೊಸ ಭಾಗ ಮೈಸೂರಿನಿಂದ ಮರುದಿನ ಬರುವುದಿತ್ತು, ಅದರ ಜೊತೆಗೆ ನಮ್ಮ ಏರಿಯಾ ಮ್ಯಾನೇಜರ್ ಪ್ರಸನ್ನ ಕೂಡ. ಒಳ್ಳೆಯ ಮನುಷ್ಯ, ಸ್ವಲ್ಪ ಅವಸರ. ಫೋನಿನಲ್ಲಿ ನೇರವಾಗಿ ಹೇಳಿದರು. "ಮೇಡಂ, ನಾಳೆ ಆ ಹುಡುಗಿ ನನ್ನ ಮುಂದೆ ಬದಲಿಸಲಿ. ರೂಲ್ ಪ್ರಕಾರ. ಆಗಲ್ಲ ಅಂದ್ರೆ ಮಂಡ್ಯದ ಕೌಂಟರ್‌ನಲ್ಲಿ ಕೂರಿಸ್ತೀನಿ, ಮಳವಳ್ಳಿಗೆ ಬೇರೆಯವರನ್ನ ಹಾಕ್ತೀನಿ. ನೀವು ರಿಟೈರ್ ಆಗ್ತಿದ್ದೀರಿ, ಅಲ್ಲಿ ಕೈ ಹಾಕೋರು ಬೇಕು."

ಕೌಂಟರ್ ಕೆಲಸ ಕೀಳಲ್ಲ. ಆದರೆ ರೂಪಳಂಥ ಕೈಯನ್ನು ರಸೀದಿ ಹರಿಯಲು ಕೂರಿಸುವುದು, ವೀಣೆ ತಂತಿಯಲ್ಲಿ ಬಟ್ಟೆ ಒಣಹಾಕಿದ ಹಾಗೆ. ಅವಳು ಸಪ್ಪೆ ಮುಖ ಮಾಡಿಕೊಂಡು "ಹೋಗ್ಲಿ ಬಿಡಿ ಮೇಡಂ" ಅಂದಳು. ನನಗೆ ಹೋಗಲಿ ಬಿಡಲು ಆಗಲಿಲ್ಲ. ಅವತ್ತು ಮಧ್ಯಾಹ್ನವೇ ಅವಳ ಜೊತೆ ಕಿರುಗಾವಲಿನ ಬಸ್ ಹತ್ತಿದೆ.

ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನೀರು ಕೊಟ್ಟರು, ಮೊರ ಸರಿಸಿ ಜಾಗ ಮಾಡಿದರು. ನಾನು ಕಾನ್ವೆಂಟ್ ಗತ್ತಿನಲ್ಲೇ ಶುರು ಮಾಡಿದೆ. ವಿಜ್ಞಾನ, ಸುರಕ್ಷತೆ, ಕಾಲ ಬದಲಾಗಿದೆ, ನಂಬಿಕೆ ಮನಸ್ಸಿನಲ್ಲಿದ್ದರೆ ಸಾಕು, ಎಲ್ಲ ಹೇಳಿದೆ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

"ಆಯ್ತಾ ಮೇಡಮ್ಮಾರೆ?"

"ಆಯ್ತು."

"ಬರಿ ಕೊಳ್ಳಲ್ಲಿ ನನ್ ಸೊಸೆ ಒರಗೋಗದು ಬ್ಯಾಡ. ಅಷ್ಟೇ ನಂದು. ನಿಮ್ಗೆ ಚಿನ್ನ ಆಗಲ್ವಾ, ತಾಳಿ ಆಗಲ್ವಾ? ಅದ ಯೋಳಿ ಮದ್ಲು."

ಈ ಪ್ರಶ್ನೆಯನ್ನು ನನ್ನ ಇಡೀ ಸರ್ವಿಸ್ಸಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಲೋಹ ಆಗಲ್ಲಮ್ಮ. ಚಿನ್ನ, ಬೆಳ್ಳಿ, ಕಬ್ಬಿಣ."

"ದಾರ?"

"ದಾರ ಆಗುತ್ತೆ. ಒಣಗಿರಬೇಕು."

"ಅರಿಸ್ನದ ಕೊನೆ?"

ಅರಿಶಿನದ ಕೊಂಬು ಕರೆಂಟು ಹರಿಸುತ್ತದೆಯೇ ಅಂತ ಯಾವ ಡಿಪ್ಲೊಮಾದಲ್ಲೂ ಹೇಳಿಕೊಟ್ಟಿಲ್ಲ. ಒಣಗಿದ ಕೊಂಬು ಒಣ ಕಟ್ಟಿಗೆ ಇದ್ದ ಹಾಗೆ, ತೊಂದರೆ ಇಲ್ಲ ಅಂದೆ. ಪುಟ್ಟತಾಯಮ್ಮ ಮೊರ ಕೆಳಗಿಟ್ಟು ಎದ್ದರು.

"ಅಷ್ಟಕ್ಕೆ ಇಷ್ಟೊತ್ತು ಬಾಸಣ ಮಾಡುದ್ರಲ್ಲ. ನನ್ ತಾಳಿ ಸರ ಕಿತ್ತೋಗಿ ಅಕ್ಕಸಾಲಿ ತಾವ ಇದ್ದಾಗ ಅರಿಸ್ನದ ಕೊನೆ ಕಟ್ಕಂಡೇ ನಾಟಿ ಮಾಡಿವ್ನಿ. ಮದ್ವೆಲಿ ಧಾರೆ ಒತ್ನಲ್ಲಿ ನಮ್ಮತ್ತೆಗೆ ಕಟ್ಟಿದ್ದೂ ಅದೇಯ, ಅವ್ರಿಗೆ ಚಿನ್ನ ಎಲ್ಲಿತ್ತು? ಚಿನ್ನ ಆಮೇಲ್ ಬಂದದ್ದು ಕಣಮ್ಮ. ತಾಳಿ ಅಂದ್ರೆ ಅರಿಸ್ನವೇ."

ರೂಪಳ ಕಡೆ ತಿರುಗಿ, "ನೀನ್ಯಾಕವ್ವ ಬಾಯ್ ಬುಡ್ನಿಲ್ಲ? ತಾಳಿ ತಗೀತೀನಿ ಅಂದೆ. ಚಿನ್ನ ತಗೀತೀನಿ ಅಂದಿದ್ರೆ ಅವತ್ತೇ ಮುಗೀತಿತ್ತು."

"ನೀವು ಬಯ್ತೀರಿ ಅಂತ ಅತ್ತೆ."

"ಬಯ್ದೇ ಇನ್ನೇನು ಮುದ್ದು ಮಾಡ್ತಾರಾ?"

ಹತ್ತಿಯ ನೂಲು ಹೊಸೆದು, ಅರಿಶಿನ ಹಚ್ಚಿ, ಜಗಲಿಯ ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ ದಾರವನ್ನು ನನ್ನ ಕೈಗೇ ಕೊಟ್ಟು "ನೋಡಿ, ಒಣಗದಾ? ಪುಡಿ ಉದುರ್ತದಾ?" ಅಂತ ಕೇಳಿದರು. ನಾನು ಮದ್ದೂರಿನ ಕಥೆ ಹೇಳಿದ್ದೆ. ಪುಡಿ ಉದುರಬಾರದು ಅಂತ ಒಗೆದ ಪಂಚೆಯ ತುದಿಯಲ್ಲಿ ದಾರವನ್ನು ತಿಕ್ಕಿ ತಿಕ್ಕಿ ಒರೆಸಿದರು. ಕೊಂಬು ಕಟ್ಟಿ ಸೊಸೆಯ ಕೊರಳಿಗೆ ಹಾಕಿದರು. ಚಿನ್ನದ ತಾಳಿ ಸರ ಬಿಚ್ಚಿದ್ದು ದಾರ ಕೊರಳಿಗೆ ಬಂದ ಮೇಲೆ. ಒಂದು ಕ್ಷಣವೂ ಕೊರಳು ಬರಿದಾಗಲಿಲ್ಲ. ಬಳೆಯ ಜಾಗಕ್ಕೆ ಎಡಗೈಗೊಂದು ಹಳದಿ ದಾರ. ನನಗೆ ಆಗ ಹೊಳೆದದ್ದು ಇದು: ನಮ್ಮ ಕೆಲಸದ ನಿಯಮವೂ ಅದೇ ತಾನೆ. ಇನ್ನೊಂದು ಹಿಡಿದಿದೆ ಅಂತ ಖಾತ್ರಿಯಾಗದೆ ಒಂದನ್ನು ತೆಗೆಯಬಾರದು. ಚಿಕ್ಕಲಿಂಗಯ್ಯ ಸರ್ ಇದ್ದಿದ್ದರೆ ಪುಟ್ಟತಾಯಮ್ಮನನ್ನು ಅಲ್ಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಮಳವಳ್ಳಿ. ಪ್ರಸನ್ನ ಸರ್ ಹೊಸ ಪವರ್ ಸಪ್ಲೈ ಹಿಡಿದು ಬಂದರು. ರೂಪಳ ಕೊರಳು ನೋಡಿದರು, ನನ್ನನ್ನು ನೋಡಿದರು, ಹೊಸ ಭಾಗವನ್ನು ಅವಳ ಮುಂದಿಟ್ಟರು. ನಾನು ಗೋಡೆಗೆ ಒರಗಿ ನಿಂತೆ. ಇಲ್ಲಿಂದ ಮುಂದೆ ಅವಳು ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತೇನೆ, ಏಕೆಂದರೆ ನೀವು ಮಾಡಬೇಕಾದದ್ದೂ ಅದೇ.

ಮೊದಲು ಗೋಡೆಯ ಪ್ಲಗ್ ಪರೀಕ್ಷಿಸಿದಳು. ಕರೆಂಟು ಇತ್ತು. ಬೇರೆ ವೈರು ಹಾಕಿ ನೋಡಿದಳು. ದೀಪ ಕೇಸರಿಯೇ. ಆಮೇಲೆ ಜೊತೆ ಎತ್ತನ್ನು ನೋಡಿದಳು, ಅದರ ದೀಪ ಹಸಿರು, ಗಾಳಿ ಸರಿಯಾಗಿ ಬರುತ್ತಿದೆ, ಪೂರ್ತಿ ಭಾರ ಹೊತ್ತಿದೆ. ಹೊಸದರ ಮೇಲಿನ ನಂಬರು, ಹಳೆಯದರ ನಂಬರು ಎರಡನ್ನೂ ಗಟ್ಟಿಯಾಗಿ ಓದಿದಳು. ಎರಡೂ ಒಂದೇ ಜಾತಿ. ಮಣಿಕಟ್ಟಿಗೆ ಸ್ಟ್ರಾಪ್ ಕಟ್ಟಿ ಅದರ ವೈರನ್ನು ಪೆಟ್ಟಿಗೆಯ ಬೋಳು ಲೋಹಕ್ಕೆ ಸಿಕ್ಕಿಸಿದಳು. ಮೈಯಲ್ಲಿರುವ ಆ ಕಾಣದ ಕಿಡಿ ಸದ್ದಿಲ್ಲದೆ ಅದರಲ್ಲಿ ಇಳಿದು ಹೋಗುತ್ತದೆ. ಹಳದಿ ದಾರದ ಪಕ್ಕದಲ್ಲೇ ಕಪ್ಪು ಸ್ಟ್ರಾಪು, ಒಂದೇ ಕೈಯಲ್ಲಿ ಎರಡು ಕಂಕಣ.

ಕೆಟ್ಟದ್ದರ ವೈರು ಕಳಚಿದಳು, ದೀಪ ಆರುವವರೆಗೆ ಕಾದಳು. ಲಾಚ್ ಒತ್ತಿ, ಒಂದು ಕೈಯಲ್ಲಿ ಹಿಡಿ ಎಳೆದು, ಇನ್ನೊಂದನ್ನು ಕೆಳಗೆ ಕೊಟ್ಟು, ತೊಟ್ಟಿಲಿನಿಂದ ಮಗು ಎತ್ತಿದ ಹಾಗೆ ಹೊರಗೆ ತಂದಳು. ಖಾಲಿ ಗೂಡಿನೊಳಗೆ ಕೈ ಹಾಕಲಿಲ್ಲ, ಟಾರ್ಚ್ ಹಾಕಿ ನೋಡಿದಳು ಅಷ್ಟೆ. ಹೊಸದನ್ನು ಜಾರಿಸಿದಳು. ಅದು ಮುಕ್ಕಾಲು ಹೋಗಿ ನಿಂತಿತು.

ಗೂಡು ತೆರೆದೇ ಇದ್ದರೆ ಗಾಳಿ ದಾರಿ ತಪ್ಪುತ್ತದೆ, ಒಂಟಿ ಎತ್ತು ಬೇರೆ ಏದುಸಿರು ಬಿಡುತ್ತಿತ್ತು. ಪ್ರಸನ್ನ ಸರ್‌ಗೆ ತಡೆಯಲಾಗಲಿಲ್ಲ. "ಪುಶ್ ಮಾಡಮ್ಮ, ಟೈಟ್ ಇರುತ್ತೆ ಹೊಸದು." ಅವಳು ತಳ್ಳಲಿಲ್ಲ. "ಬಿಡು, ನಾನು ನೋಡ್ತೀನಿ" ಅಂತ ಅವರೇ ಕೈ ಮುಂದೆ ಚಾಚಿದರು. ಬೆರಳಲ್ಲಿ ನವರತ್ನದ ದಪ್ಪ ಉಂಗುರ, ಮಣಿಕಟ್ಟಿನಲ್ಲಿ ಕಡಗ.

ರೂಪ ತಲೆ ಎತ್ತದೆ, ದನಿಯನ್ನೂ ಎತ್ತದೆ ಅಂದಳು. "ಹ್ಯಾಂಡ್ಸ್ ಬಿಹೈಂಡ್ ಯುವರ್ ಬ್ಯಾಕ್, ಸರ್."

ಅದು ಸಿಸ್ಟರ್ ಬೆನಡಿಕ್ಟಾ ದನಿ, ಆತಗೂರಿನ ಹುಡುಗಿಯ ಬಾಯಲ್ಲಿ. ಪ್ರಸನ್ನ ಸರ್ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು.

"ಉಂಗುರ ತೆಗೀಬಹುದು ಸರ್, ಆಮೇಲೆ ನೋಡಿ" ಅಂದಳು.

"ಜೋಯಿಸರು ತೆಗೀಬಾರದು ಅಂದಿದ್ದಾರಮ್ಮ."

"ಹಾಗಾದ್ರೆ ಅಲ್ಲೇ ನಿಂತಿರಿ ಸರ್."

ಪವರ್ ಸಪ್ಲೈಯನ್ನು ಪೂರ್ತಿ ಹೊರಗೆ ತಂದು, ಪಕ್ಕದಲ್ಲಿ ಹಾಸಿದ್ದ ರಬ್ಬರ್ ಮ್ಯಾಟಿನ ಮೇಲಿಟ್ಟು, ಕೈ ಹಿಂದೆ ಕಟ್ಟಿ ಸುತ್ತ ಬಗ್ಗಿ ನೋಡಿದಳು. ತಳದ ಅಂಚಿನಲ್ಲಿ ಪ್ಯಾಕಿಂಗಿನ ಟೇಪಿನ ಒಂದು ಚೂರು ಮಡಿಚಿ ಅಂಟಿಕೊಂಡಿತ್ತು. ಬಣ್ಣವೇ ಇಲ್ಲದ ಟೇಪು, ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಬಲವಂತವಾಗಿ ತಳ್ಳಿದ್ದರೆ ಹಿಂದಿನ ಪಿನ್ನು ಬಾಗಿ, ಆ ಗೂಡೇ ಶಾಶ್ವತವಾಗಿ ಕುರುಡಾಗುತ್ತಿತ್ತು. ಉಗುರಿನಿಂದ ಬಿಡಿಸಿದಳು. ಮತ್ತೆ ಜಾರಿಸಿದಳು. ಟಕ್. ಆ ಟಕ್ ಕೇಳಲು ನಾನು ಇವತ್ತೂ ಮಂಡ್ಯದಿಂದ ಮಳವಳ್ಳಿಗೆ ನಿಂತುಕೊಂಡು ಬೇಕಾದರೂ ಬರುತ್ತೇನೆ. ವೈರು ಹಾಕಿದಳು. ಕೇಸರಿ ಒಮ್ಮೆ ಮಿನುಗಿ, ಯೋಚಿಸಿ, ಹಸಿರಾಯಿತು. ಜೋಡೆತ್ತು ಸಮನಾಗಿ ಉಸಿರಾಡತೊಡಗಿದವು. ಆಸ್ಪತ್ರೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ನಮ್ಮ ಕೆಲಸದಲ್ಲಿ ಗೆಲುವು ಅಂದರೆ ಅದೇ, ಯಾರಿಗೂ ಗೊತ್ತಾಗದೆ ಇರುವುದು.

ಪ್ರಸನ್ನ ಸರ್ ಇನ್ನೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದರು, ಶಾಲೆಯ ಹುಡುಗನ ಹಾಗೆ. "ಮೇಡಂ, ಕೌಂಟರಿಗೆ ಬೇರೆಯವರನ್ನ ನೋಡ್ತೀನಿ" ಅಂದರು. "ಮಳವಳ್ಳಿ ಇವಳದ್ದೇ."

ನನ್ನ ಕೊರಳಲ್ಲಿ ಈಗ ಏನೂ ಇಲ್ಲ. ಯಜಮಾನರು ಹೋಗಿ ಎರಡು ಮಳೆಗಾಲವಾಯಿತು. ತೆಗೆದಿಡುವ ಗೋಜಿಲ್ಲ, ಟಿಫನ್ ಕ್ಯಾರಿಯರಿನ ಮೇಲಿನ ಬಟ್ಟಲು ಖಾಲಿ. ಆ ಬಟ್ಟಲು ತೊಳೆಯುವಾಗೆಲ್ಲ ಪುಟ್ಟತಾಯಮ್ಮನ ಪ್ರಶ್ನೆ ನೆನಪಾಗುತ್ತದೆ. ಏನು ಆಗುವುದಿಲ್ಲ, ಏನು ಆಗುತ್ತದೆ, ಬೇರೆ ಬೇರೆ ಮಾಡಿ ಹೇಳಿ ಮೊದಲು. ನಿಮ್ಮ ಮುಂದಿನ ಕೆಟ್ಟ ಪೆಟ್ಟಿಗೆಯನ್ನೂ ಅದೇ ಪ್ರಶ್ನೆಯಿಂದ ಶುರು ಮಾಡಿ, ಹುಡುಗಿಯರೇ.

ಅವತ್ತು ರೂಪ ಮಣಿಕಟ್ಟಿನ ಸ್ಟ್ರಾಪ್ ಬಿಚ್ಚುತ್ತಿದ್ದಾಗಲೇ ಅವಳ ಫೋನು ಹೊಡೆದುಕೊಂಡಿತು. ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿದಳು. ಕಿರುಗಾವಲಿನಿಂದ ಬಂದ ದನಿ ಕೋಣೆಯಲ್ಲೆಲ್ಲ ಕೇಳಿಸಿತು.

"ಆಯ್ತೇನವ್ವ?"

"ಆಯ್ತು ಅತ್ತೆ. ಹಸಿರು ಬಂತು. ಸಂಜೆ ಬಂದು ಸರ ಹಾಕ್ಕೋತೀನಿ."

"ಸರ ನನ್ ಪೆಟ್ಟಿಗೇಲಿ ಮಡ್ಗಿವ್ನಿ, ಅಬ್ಬಕ್ಕೆ ಆಕ್ಕಂಡ್ರಾಯ್ತು. ದಾರ ಬಿಚ್ಬ್ಯಾಡ. ನಾಳೀಕೂ ಕೆಲ್ಸ ಐತಲ್ಲ."